ಯಾವ ಹಾಡ ಬ್ಯಾಡ್ರಿ?

ಧಾರವಾಡದ ಸಪ್ತಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಲೈಬ್ರರಿಗಳಿವೆ. ಒಂದು, ಪಿಎಚ್.ಡಿ.ಗೆಂದು ಕೂಡಿಹಾಕಿದ ಪುಸ್ತಕ ಮತ್ತು ಜೆರಾಕ್ಸ್ ಕಟ್ಟುಗಳದ್ದು. ಅದರಲ್ಲಿ ಬೇಕಾದದ್ದು ಬೇಕಾದ ಹೊತ್ತಿಗೆ ಎಂದೂ ಸಿಗುವುದಿಲ್ಲ. ನನ್ನ ಸಂಶೋಧನೆ ಗ್ರಂಥಾಲಯ ವಿಜ್ಞಾನದಲ್ಲಿ, ಅದರಲ್ಲೂ ವರ್ಗೀಕರಣದ ಮೇಲೆ ಎಂದರೆ ಕೋಣೆಗೆ ಬಂದ ಗೆಳೆಯರು ನಗುತ್ತಾರೆ. ಇನ್ನೊಂದು ಲೈಬ್ರರಿ ಹಾರ್ಡ್ ಡಿಸ್ಕಿನಲ್ಲಿದೆ. ಸುಮಾರು 9,000 ಹಾಡುಗಳು. ಅದರಲ್ಲಿ ಮಾತ್ರ ಬೇಕಾದದ್ದು ಐದು ಸೆಕೆಂಡಿನೊಳಗೆ ಸಿಗಲೇಬೇಕು. ಲಗ್ನದ ಸೀಜನ್ನಿನಲ್ಲಿ ನಾನು ಡಿಜೆ. ಫೆಲೋಶಿಪ್ಪಿನ ಅವಧಿ ಮುಗಿದಿದೆ, ಥೀಸಿಸ್ ಮುಗಿದಿಲ್ಲ. ಈ ನಡುವಿನ ಕಾಲವನ್ನು ಅರಿಷಿಣ, ರಿಸೆಪ್ಶನ್ನು, ಬರ್ತ್‌ಡೇಗಳು ಸಾಗಿಸುತ್ತಿವೆ.

ನಮ್ಮ ಕಡೆ ಡಿಜೆ ಎಂದರೆ ಗಣಪತಿ ಕಳಿಸುವ ದಿನ ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಬಾಕ್ಸುಗಳು, ಎದೆಯೊಳಗೆ ಕುಟ್ಟುವ ಬೇಸು. ನನ್ನದು ಅಷ್ಟು ದೊಡ್ಡ ಸರಂಜಾಮಲ್ಲ. ನಾಲ್ಕು ಬಾಕ್ಸು, ಒಂದು ಕಂಟ್ರೋಲರು, ಒಂದು ಲ್ಯಾಪ್‌ಟಾಪು. ಬಾಡಿಗೆ ಟೆಂಪೊದಲ್ಲಿ ಹಾಕಿಕೊಂಡು ಹೋಗಿ, ರಾತ್ರಿ ಹತ್ತಕ್ಕೆ ಸುತ್ತಿಕೊಂಡು ಬರುವಷ್ಟು. ಮೂರು ವರ್ಷದ ಹಿಂದೆ ಶುರು ಮಾಡಿದಾಗ ಈ ಕೆಲಸದಲ್ಲಿ ಕಷ್ಟದ್ದು ಒಂದು ಹಾಡನ್ನು ಇನ್ನೊಂದಕ್ಕೆ ಕೂಡಿಸುವುದು ಎಂದುಕೊಂಡಿದ್ದೆ. ಅದನ್ನು ಎರಡು ತಿಂಗಳಲ್ಲಿ ಕಲಿತೆ. ಹಾಡು ಹುಡುಕುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಅದು ಗೊತ್ತಾದದ್ದು ಹಾವೇರಿ ಕಡೆಯ ಒಂದು ಲಗ್ನದಲ್ಲಿ. ಹುಡುಗರ ಕುಣಿತದ ನಡುವೆ ಹಿರಿಯರೊಬ್ಬರು ಬಂದು, "ತಮ್ಮಾ, ಒಂದ ಶರೀಫಜ್ಜನ ಪದ ಹಚ್ಚು" ಅಂದರು. ಶಿಶುನಾಳ ಅಲ್ಲಿಂದ ದೂರವೇನಿಲ್ಲ. ಆ ಪದ ನನ್ನಲ್ಲಿ ಒಂದಲ್ಲ, ನಾಲ್ಕು ಧ್ವನಿಗಳಲ್ಲಿತ್ತು. ಓಡುತ್ತಿದ್ದ ಹಾಡು ಮುಗಿಯಲು ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಶರೀಫ ಎಂದು ಟೈಪ್ ಮಾಡಿದೆ. ಬರಲಿಲ್ಲ. ಆಮೇಲೆ ತಿಳಿಯಿತು, ಒಂದರಲ್ಲಿ ಎರಡು 'ಇ' ಹಾಕಿ ಬರೆದಿದ್ದರು, ಇನ್ನೊಂದರಲ್ಲಿ ಕಲಾವಿದರ ಹೆಸರಿನ ಜಾಗದಲ್ಲಿ ಡೌನ್‌ಲೋಡ್ ಮಾಡಿದ ವೆಬ್‌ಸೈಟಿನ ವಿಳಾಸವಿತ್ತು, ಮೂರನೆಯದು ಬರೀ 'ಟ್ರ್ಯಾಕ್ 07', ನಾಲ್ಕನೆಯದರಲ್ಲಿ ಕನ್ನಡ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿದ್ದವು. ನಲವತ್ತು ಸೆಕೆಂಡು ಪೆಂಡಾಲ್ ತುಂಬ ಮೌನ. "ಕರೆಂಟ್ ಹೋತೇನಪಾ?" ಎಂದು ಯಾರೋ ಕೂಗಿದರು. ಆ ಹಿರಿಯರು ಬೈಯಲಿಲ್ಲ. "ನೀ ಅವನ ಅಣ್ಣನ ಮಗ ಅಲ್ಲೇನು? ನಿಮ್ಮ ಕಾಕಾ ಕಣ್ಣ ಮುಚ್ಚಿ ತಗೀತಿದ್ದ" ಎಂದು ಹೇಳಿ ಹೋಗಿ ಕುಳಿತರು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನದಿಂದ ಹಾಡುಗಳಿಗೆ ಟ್ಯಾಗ್ ಹಾಕಲು ಕುಳಿತೆ. ಥೀಸಿಸ್ಸಿನ ಮೂರನೇ ಅಧ್ಯಾಯ ಅಲ್ಲಿಗೇ ನಿಂತಿತು.

ಎಂಪಿ3 ಫೈಲಿನ ಟ್ಯಾಗ್ ಎಂಬುದು ಹಾಡಿನ ಬಾಲಕ್ಕೆ ಅಂಟಿಸಿದ ಒಂದು ಚೀಟಿಯಾಗಿ ಹುಟ್ಟಿತು. 1996ರಲ್ಲಿ ಎರಿಕ್ ಕೆಂಪ್ ಎಂಬುವರು ಮಾಡಿದ ಉಪಾಯ. ಚೀಟಿಯ ಅಳತೆ 128 ಬೈಟು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಯಾವ ಪ್ರಕಾರದ ಸಂಗೀತ ಎಂದು ಹೇಳಲು ಒಂದೇ ಒಂದು ಬೈಟು. ಆ ಒಂದು ಬೈಟಿನಲ್ಲಿ ಹೆಸರು ಬರೆಯಲು ಬರುವುದಿಲ್ಲ, ಒಂದು ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಬರೆಯಬಹುದು. ಮೂಲ ಪಟ್ಟಿಯಲ್ಲಿ 80 ಪ್ರಕಾರಗಳಿದ್ದವು. ಪೋಲ್ಕಾ ಇತ್ತು, ಗ್ಯಾಂಗ್‌ಸ್ಟಾ ಇತ್ತು, ಫೋಕ್ ಇರಲಿಲ್ಲ. ವಿನ್ಆ್ಯಂಪ್ ಪ್ಲೇಯರಿನವರು ಪಟ್ಟಿಯನ್ನು ಬೆಳೆಸಿದಾಗ ಮೊದಲು ಸೇರಿಸಿದ್ದು ಅದನ್ನೇ. ಜಗತ್ತಿನ ಅತ್ಯಂತ ಹಳೆಯ ಹಾಡು ಆ ಪಟ್ಟಿಗೆ ತಡವಾಗಿ ಬಂದು ಬಾಗಿಲ ಹತ್ತಿರ ನಿಂತುಕೊಂಡಿತು.

ಆ ಮೊದಲ ಚೀಟಿಯಲ್ಲಿ ಯುನಿಕೋಡ್ ಇರಲಿಲ್ಲ. ಕನ್ನಡ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳೋ ಡಬ್ಬಿಗಳೋ ಕಾಣುತ್ತಿದ್ದವು. 1998ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಚೀಟಿ ಫೈಲಿನ ತಲೆಗೆ ಬಂತು, ಕನ್ನಡಕ್ಕೂ ಜಾಗವಾಯಿತು. ಆದರೂ ನಮ್ಮ ಜನ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾ ಬಂದರು, ಯಾವ ಪ್ಲೇಯರ್ ಏನು ತೋರಿಸುತ್ತದೋ ಎಂಬ ಹೆದರಿಕೆಗೆ. 'ತಂಗಿ' ಒಬ್ಬರಿಗೆ ಹೆಚ್ ಸಮೇತ, ಇನ್ನೊಬ್ಬರಿಗೆ ಹೆಚ್ ಇಲ್ಲದೆ. 'ಕೋಲಾಟ' ಸಿಗಬೇಕಾದರೆ ಆರು ಥರ ಬರೆದು ನೋಡಬೇಕು.

ಇನ್ನು ಯಾವ ಮನೆಯಲ್ಲಿ ಯಾರನ್ನು ಕೂರಿಸುವುದು? ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು. ಅವರ ಪದಕ್ಕೆ ಸಿ. ಅಶ್ವತ್ಥ್ ಸ್ವರ ಹಾಕಿ ಹಾಡಿದರು. ಕಲಾವಿದ ಯಾರು? ವರ್ಷ ಯಾವುದು? ಪ್ರಕಾರ ತತ್ವಪದವೋ, ಸುಗಮ ಸಂಗೀತವೋ, ಸಿನಿಮಾದಲ್ಲಿ ಬಂದಿದ್ದರೆ ಚಿತ್ರಗೀತೆಯೋ? ನಮ್ಮ ರೇಡಿಯೊ ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿತ್ತು. ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕನ್ನೂ ಹೇಳಿ ಹಾಡು ಹಾಕುತ್ತಿದ್ದರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಎಂಪಿ3 ಎಂಬ ಹೆಸರೇ ಇಲ್ಲದ ಕಾಲದಿಂದ ನಮ್ಮ ಹಾಡುಗಳಿಗೆ ಟ್ಯಾಗ್ ಇತ್ತು, ಅದನ್ನು ಬಾಯಲ್ಲಿ ಹೇಳುತ್ತಿದ್ದರು ಅಷ್ಟೆ.

ಡಿಜೆ ತಂತ್ರಾಂಶಕ್ಕೆ ಇದಾವುದೂ ಬೇಕಿಲ್ಲ. ಅದಕ್ಕೆ ಮುಖ್ಯ ಎರಡೇ: ನಿಮಿಷಕ್ಕೆ ಎಷ್ಟು ಬಡಿತ, ಮತ್ತು ಯಾವ ಶ್ರುತಿ. ಹಾಡನ್ನು ಒಳಗೆ ಹಾಕಿದರೆ ಅದೇ ಲೆಕ್ಕ ಮಾಡಿ ಬರೆದುಕೊಳ್ಳುತ್ತದೆ. ಶ್ರುತಿಗೆ ಗಡಿಯಾರದ ಹಾಗೊಂದು ಚಕ್ರವಿದೆ. ಒಂದರಿಂದ ಹನ್ನೆರಡರವರೆಗೆ ಅಂಕಿ, ಪ್ರತಿ ಅಂಕಿಗೆ 'ಎ' ಮತ್ತು 'ಬಿ', ಒಟ್ಟು 24 ಮನೆ. 8ಎ ಹಾಡಿಗೆ 8ಎ, 7ಎ, 9ಎ ಇಲ್ಲವೇ 8ಬಿ ಹಾಡು ಕೂಡಿಸಿದರೆ ಕಿವಿಗೆ ಕಚ್ಚುವುದಿಲ್ಲ. ಸಂಗೀತ ಕಲಿಯದ ನನ್ನಂಥವನಿಗೆ ಇದು ದೊಡ್ಡ ಆಸರೆ. ಕಂಪ್ಯೂಟರಿನಲ್ಲೇ ತಯಾರಾದ ಈಗಿನ ಹಾಡುಗಳಿಗೆ ಲೆಕ್ಕ ಸರಿಯಾಗಿ ಬರುತ್ತದೆ. ವಾದ್ಯಗಾರರೆಲ್ಲ ಒಟ್ಟಿಗೆ ಕುಳಿತು ಬಾರಿಸಿದ ಹಳೆಯ ಚಿತ್ರಗೀತೆಗಳಲ್ಲಿ ಲಯ ಮನುಷ್ಯರ ನಡಿಗೆಯಂತೆ. ಚರಣ ಬಂದಾಗ ತುಸು ನಿಧಾನ, ಮುಗಿಯುವಾಗ ತುಸು ಅವಸರ. ಡೊಳ್ಳಿನ ಪದ ಹಾಕಿದರೆ ಯಂತ್ರ 70 ಎಂಬುದನ್ನು 140 ಎನ್ನುತ್ತದೆ. ಇವನ್ನೆಲ್ಲ ಒಂದೊಂದಾಗಿ ಕೇಳಿ, ಬೆರಳಲ್ಲಿ ತಾಳ ಹಾಕಿ, ತಿದ್ದಬೇಕು. ನಾಲ್ಕು ತಿಂಗಳ ರಾತ್ರಿಗಳು ಅದಕ್ಕೇ ಹೋದವು.

ಹೊಸದಾಗಿ ಜೋಡಿಸಿದ ಲೈಬ್ರರಿಯನ್ನು ಕಾಕಾನಿಗೆ ತೋರಿಸಲು ಹೆಮ್ಮೆಯಿಂದ ಊರಿಗೆ ಹೋದೆ. ಕಾಕಾ ತೊಂಬತ್ತರ ದಶಕದಲ್ಲಿ ರಾಣೇಬೆನ್ನೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು, ಜೊತೆಗೆ ಮೈಕ್ ಸೆಟ್ ಬಾಡಿಗೆ. ಈಗ ಊರಲ್ಲಿ ಕಿರಾಣಿ ಅಂಗಡಿ. ಜನ ಹಾಡಿನ ಚೀಟಿ ಬರೆದು ಖಾಲಿ ಕ್ಯಾಸೆಟ್ ಕೊಟ್ಟು ಹೋಗುತ್ತಿದ್ದರು, ಕಾಕಾ ತುಂಬಿಕೊಡುತ್ತಿದ್ದ. ಅರವತ್ತರ ಕ್ಯಾಸೆಟ್ಟಾದರೆ ಒಂದು ಮಗ್ಗುಲಿಗೆ ಅರ್ಧ ತಾಸು, ತೊಂಬತ್ತರದ್ದಾದರೆ ಮುಕ್ಕಾಲು ತಾಸು. ಕೊನೆಯ ಹಾಡು ಅರ್ಧಕ್ಕೆ ತುಂಡಾಗದಂತೆ ಲೆಕ್ಕ ಹಾಕಿ ಸೇರಿಸುವುದರಲ್ಲೇ ಅವನ ಹೆಸರು.

ನನ್ನ ಪರದೆಯ ಬಣ್ಣಬಣ್ಣದ ಕಾಲಮ್ಮುಗಳನ್ನು ಕಾಕಾ ಪ್ರೀತಿಯಿಂದ ನೋಡಿದ. "ಭಾಳ ಚಲೋ ಮಾಡೀಯಪಾ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇದರಾಗ ಮಂದಿ ಎಲ್ಲಿ ಅದಾರೋ?" ಅಂತ ಕೇಳಿದ.

ನನಗೆ ಅರ್ಥವಾಗಲಿಲ್ಲ. ಅಟ್ಟದಿಂದ ಒಂದು ಉದ್ದನೆಯ ಖಾತೆ ಪುಸ್ತಕ ಇಳಿಸಿದ. ಕ್ಯಾಸೆಟ್ಟುಗಳು ಫಂಗಸ್ ಹಿಡಿದು ಹೋಗಿವೆ, ಪುಸ್ತಕ ಉಳಿದಿದೆ. ಎಡಕ್ಕೆ ಕ್ಯಾಸೆಟ್ಟಿನ ನಂಬರು, ಹಾಡು, ನಿಮಿಷ. ಬಲಕ್ಕೆ ಸಣ್ಣ ಅಕ್ಷರದಲ್ಲಿ ಅವನ ಟಿಪ್ಪಣಿ. 'ಇದಕ್ಕ ಹೆಣ್ಣುಮಕ್ಕಳು ಏಳತಾರ.' 'ಊಟದ ಹೊತ್ತಿಗೆ ಅಷ್ಟ.' 'ಕುಡದವರ ಮುಂದ ಬ್ಯಾಡ.' ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹಾಡುಗಳ ಬದಲು ಊರುಗಳಿದ್ದವು, ಊರೊಳಗೆ ಮನೆಗಳು. ಒಂದು ಮನೆಯ ಮುಂದೆ ಒಂದು ಹಾಡಿನ ಹೆಸರು, ಅದರ ಮುಂದೆ 'ಬ್ಯಾಡ'. ಕಾರಣ ಬರೆದಿರಲಿಲ್ಲ.

"ಇವೆಲ್ಲಾ ನಿನಗ ಹೆಂಗ ಗೊತ್ತಾಗತಿತ್ತು?"

"ಕೇಳತಿದ್ದೆ. ಮೈಕ್ ಕಟ್ಟಾಕ ಹೋದಾಗ ಮೊದಲನೇ ಮಾತ ಅದ. ನಿಮ್ಮ ಮನ್ಯಾಗ ಯಾವ ಹಾಡ ಬ್ಯಾಡ್ರಿ ಅಂತ."

ನಾನು ನಕ್ಕೆ. ಯಾವ ಹಾಡು ಬೇಕು ಎಂದು ಕೇಳುವುದು ಕಸುಬು, ಯಾವುದು ಬೇಡ ಎಂದು ಕೇಳುವುದು ಹಳೆಯ ಕಾಲದವರ ಹೆದರಿಕೆ ಅನ್ನಿಸಿತು. ಪುಸ್ತಕದ ಹಾಳೆಗಳ ಫೋಟೊ ತೆಗೆದುಕೊಂಡೆ, ಥೀಸಿಸ್ಸಿಗೆ ಒಂದು ಅಡಿಟಿಪ್ಪಣಿಯಾದೀತು ಎಂದು.

ಆ ವರ್ಷ ಡಿಸೆಂಬರಿನಲ್ಲಿ ಹೆಣ್ಣಿನ ಮನೆಯವರ ಕಡೆಯಿಂದ ಒಂದು ಲಗ್ನ ಬಂತು. ಹಿಂದಿನ ರಾತ್ರಿ ಮನೆಯ ಮುಂದಿನ ಪೆಂಡಾಲಿನಲ್ಲಿ ಕಾರ್ಯಕ್ರಮ. ನನ್ನ ಲೈಬ್ರರಿ ಅಂದು ಎಣ್ಣೆ ಹಾಕಿದ ಚಕ್ಕಡಿಯ ಹಾಗೆ ಓಡುತ್ತಿತ್ತು. ಒಂದು ಹಾಡು ಓಡುವಾಗಲೇ ಅದಕ್ಕೆ ಹೊಂದುವ ಮುಂದಿನ ಹಾಡುಗಳು ಸಾಲಾಗಿ ನಿಲ್ಲುತ್ತಿದ್ದವು. ಸುಮಾರು ಒಂಬತ್ತೂವರೆಗೆ 8ಎ, 100 ಬಡಿತದ ಹಾಡು ಓಡುತ್ತಿತ್ತು. ಪಟ್ಟಿಯ ಮೇಲ್ತುದಿಯಲ್ಲಿ 8ಎ, 102ರ ಇನ್ನೊಂದು ಹಾಡು. ಹದಿನೈದಿಪ್ಪತ್ತು ವರ್ಷದ ಹಿಂದಿನ, ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡು. ಅದರ ಪಲ್ಲವಿ ಶುರುವಾಗುವ ಜಾಗಕ್ಕೆ ನಾನು ಮೊದಲೇ ಗುರುತು ಹಾಕಿಟ್ಟಿದ್ದೆ, ಒಂದು ಗುಂಡಿ ಒತ್ತಿದರೆ ನೇರ ಅಲ್ಲಿಗೇ ಹೋಗುವಂತೆ. ಒತ್ತಿದೆ. ಬೆಸುಗೆ ಎಲ್ಲಿ ಬಿತ್ತೆಂದೇ ತಿಳಿಯದಷ್ಟು ಚೆನ್ನಾಗಿ ಕೂಡಿಕೊಂಡಿತು.

ತಲೆ ಎತ್ತಿದರೆ ಕುಣಿಯುತ್ತಿದ್ದವರು ನಿಂತಿದ್ದರು. ಮದುಮಗಳು ತಾಯಿಯತ್ತ ನೋಡುತ್ತಿದ್ದಳು. ತಾಯಿ ಕುರ್ಚಿಯಿಂದ ಎದ್ದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಒಬ್ಬ ಹುಡುಗ ಓಡಿ ಬಂದ. "ಅಣ್ಣಾ, ಆ ಹಾಡ ಬಂದ್ ಮಾಡ್ರಿ. ನಮ್ಮಣ್ಣಂದ್ರಿ ಅದು."

ಅಣ್ಣ ಹಾಡಿದ್ದೇ ಎಂದು ಒಂದು ಕ್ಷಣ ಗೊಂದಲವಾಯಿತು. "ತೀರಿಕೊಂಡಾನ್ರಿ. ಅವನ ಕಾಲರ್ ಟ್ಯೂನ್ ಇತ್ತು."

ಮನೆಯ ಹಿರಿಯ ಮಗ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು, ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಹೋಗಿದ್ದ. ಅವನಿಗೆ ಫೋನ್ ಹಚ್ಚಿದವರೆಲ್ಲರ ಕಿವಿಯಲ್ಲಿ ಆ ಹಾಡು ಬರುತ್ತಿತ್ತು. ಪೆಂಡಾಲಿನಲ್ಲಿದ್ದ ಅರ್ಧ ಜನಕ್ಕೆ ಅದು ಗೊತ್ತಿತ್ತು. ನನ್ನ ಬಳಿ ಆ ಹಾಡಿನ ಬಗ್ಗೆ ಹನ್ನೊಂದು ಕಾಲಮ್ಮು ಮಾಹಿತಿ ಇತ್ತು. ಒಳಗಿನಿಂದ ಯಾರೂ ಬಂದು ನನ್ನನ್ನು ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ ಬೇರೆ ಹಾಡು ಹಚ್ಚಿದೆ. ಮರುದಿನ ಎಣಿಸಿ ಪೂರ್ತಿ ದುಡ್ಡು ಕೊಟ್ಟರು. ತಗೊಳ್ಳುವಾಗ ಕೈ ಮುಂದೆ ಹೋಗಲಿಲ್ಲ.

ನನ್ನ ವಿಷಯದಲ್ಲಿ ಎಲ್ಲರೂ ಮೊದಲು ಓದುವುದು ಎಸ್. ಆರ್. ರಂಗನಾಥನ್ನರ ಐದು ಸೂತ್ರಗಳನ್ನು. 1931ರಲ್ಲಿ ಪ್ರಕಟವಾದವು. ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಕೊನೆಯ ಕಾಲವನ್ನು ಬೆಂಗಳೂರಿನಲ್ಲಿ ಕಳೆದ ಆ ಹಿರಿಯರ ಮಾತನ್ನು ನಾನು ಎಷ್ಟು ಸಲ ಪರೀಕ್ಷೆಯಲ್ಲಿ ಬರೆದಿದ್ದೇನೋ. ಮೂರನೆಯ ಸೂತ್ರವನ್ನು ಯಾವಾಗಲೂ ಸಂತೋಷದ ಮಾತಾಗಿಯೇ ಓದಿದ್ದೆ. ಆ ರಾತ್ರಿ ಹಾಡು ಪೆಂಡಾಲಿನಲ್ಲಿದ್ದ ನಾನೂರು ಜನರ ನಡುವೆ ತನ್ನ ಕೇಳುಗರನ್ನು ಕರಾರುವಾಕ್ಕಾಗಿ ಹುಡುಕಿಕೊಂಡಿತ್ತು.

ಅಂದಿನಿಂದ ನನ್ನ ಲೈಬ್ರರಿಯ ಟಿಪ್ಪಣಿಯ ಕಾಲಮ್ಮು ತುಂಬತೊಡಗಿತು. ಬುಕಿಂಗಿಗೆ ಫೋನ್ ಬಂದಾಗ ದಿನಾಂಕ ಕೇಳಿದ ಮೇಲೆ ಎರಡನೇ ಪ್ರಶ್ನೆ, "ಯಾವ ಹಾಡ ಬ್ಯಾಡ್ರಿ?" ಕೆಲವರು ನಗುತ್ತಾರೆ. ಕೆಲವರು "ಏನ ಹಚ್ಚಿದ್ರೂ ನಡೀತೈತಿ" ಅನ್ನುತ್ತಾರೆ. ಕೆಲವರು ಸುಮ್ಮನಾಗುತ್ತಾರೆ, ಆಮೇಲೆ ಮೆಲ್ಲಗೆ ಒಂದು ಹೆಸರು ಹೇಳುತ್ತಾರೆ. ಓಡಿಹೋದ ಮಗಳು ಕುಣಿಯುತ್ತಿದ್ದ ಹಾಡು, ಬಿಟ್ಟುಹೋದ ಗಂಡ ಲಗ್ನದ ವೀಡಿಯೊಕ್ಕೆ ಹಾಕಿಸಿದ್ದ ಹಾಡು. ಕಾರಣ ಅವರೇ ಹೇಳಿದರೆ ಕೇಳಿಕೊಳ್ಳುತ್ತೇನೆ. ಬರೆದುಕೊಳ್ಳುವುದು ಊರು, ಮನೆತನ, 'ಬ್ಯಾಡ' ಮಾತ್ರ. ಕಾಕಾನ ಖಾತೆ ಪುಸ್ತಕದ ಹಾಗೇ.

ಆ ಲಗ್ನವಾಗಿ ನಾಲ್ಕು ತಿಂಗಳಿಗೆ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿದ್ದಾಗ ಫೋನ್ ಬಂತು. "ತಮ್ಮಾ, ಅವತ್ತ ಹಾಡ ಹಚ್ಚಿದ್ದೆಲ್ಲ, ಅವರ ಮನಿಯಿಂದ." ನಾನು ತಪ್ಪಾಯಿತು ಎಂದು ಹೇಳಲು ಶುರು ಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಆ ಹಾಡ ನಿನ್ನ ಹತ್ರ ಐತಿಲ್ಲೋ? ನನ್ನ ಫೋನಿಗೆ ಹಾಕಿಕೊಡತೀಯೇನು?"

ಆ ಭಾನುವಾರ ಊರಿಗೆ ಹೋಗುವ ದಾರಿಯಲ್ಲಿ ಇಳಿದೆ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಮಗ ಹೋದ ಮೇಲೆ ಒಂದು ವರ್ಷ ಅವನ ನಂಬರಿಗೆ ಅವರೇ ರೀಚಾರ್ಜ್ ಮಾಡಿಸುತ್ತಿದ್ದರಂತೆ, ಫೋನ್ ಹಚ್ಚಿ ಆ ಹಾಡು ಕೇಳಲು. "ಮನ್ಯಾಗ ಯಾರಿಗೂ ಹೇಳಿದ್ದಿಲ್ಲ. ಒಂದಿನ ಹಚ್ಚಿದ್ರ ಹಾಡ ಬರಲಿಲ್ಲ, ಬರೇ ಟ್ರಿಣ್ ಟ್ರಿಣ್ ಅಂತು. ಆಮ್ಯಾಲ ನಂಬರ್ರೂ ಹೋತು."

ಲ್ಯಾಪ್‌ಟಾಪ್ ತೆಗೆದು ಹಾಡನ್ನು ಮೊದಲಿನಿಂದ ಹಚ್ಚಿದೆ. ವಾದ್ಯಗಳು ಶುರುವಾದವು. "ಇದಲ್ಲ ತಮ್ಮಾ" ಅಂದರು. ಇದೇ ಎಂದೆ. ಅಲ್ಲ ಎಂದು ತಲೆ ಅಲ್ಲಾಡಿಸಿದರು. ಆಗ ಹೊಳೆಯಿತು. ಕಾಲರ್ ಟ್ಯೂನ್ ಹಾಡಿನ ತುಣುಕು ಮಾತ್ರ, ಪಲ್ಲವಿಯಿಂದಲೇ ಶುರುವಾಗುತ್ತದೆ. ಅವರು ಆ ಹಾಡಿನ ತಲೆಯನ್ನು ಎಂದೂ ಕೇಳಿರಲಿಲ್ಲ. ಪಲ್ಲವಿಗೆ ನಾನು ಹಾಕಿಟ್ಟಿದ್ದ ಗುರುತಿನ ಗುಂಡಿ ಒತ್ತಿದೆ. ಅಂದು ರಾತ್ರಿ ಒತ್ತಿದ್ದ ಅದೇ ಗುಂಡಿ. ಅವರು ಚಹಾದ ಕಪ್ಪು ಕೆಳಗಿಟ್ಟರು. ಎರಡು ಸಾಲು ಆಯಿತು, ಮೂರನೆಯದು ಶುರುವಾಯಿತು. "ಇಲ್ಲಿಗೆ ಎತ್ತತಿದ್ದ" ಅಂದರು. ಹಾಡು ಮುಂದೆ ಹೋಯಿತು. "ಇಷ್ಟ ಉದ್ದ ಐತೇನು ಇದು?" ಎಂದು ಸ್ವಲ್ಪ ಹೊತ್ತು ಕೇಳಿ, "ಸಾಕು, ನಿಂದರಸು" ಅಂದರು.

ಅವರಿಗೆ ಬೇಕಾದದ್ದು ಪಲ್ಲವಿಯಿಂದ ಮುಂದಿನ ಮೂವತ್ತು ಸೆಕೆಂಡು. ಅಲ್ಲೇ ಕುಳಿತು ಕತ್ತರಿಸಿದೆ. ಹೊಸ ಫೈಲಿಗೆ ಟ್ಯಾಗ್ ಹಾಕುವ ಚಟ. ಸಿನಿಮಾದ ಹೆಸರು ಬರೆಯಲು ಹೋದೆ. "ಏನ ಬರೀತಿ?" ಎಂದು ಕೇಳಿದರು. ಹೇಳಿದೆ. "ಅವನ ಹೆಸರ ಬರಿ. ನನಗ ಓದಾಕ ಬರೂದಿಲ್ಲ, ಅವನ ಹೆಸರಿನ ಗುರುತ ಸಿಗತೈತಿ. ಕನ್ನಡದಾಗ ಬರಿ, ಅವ ಹಂಗ ಬರಕೊಟ್ಟಿದ್ದ."

ಹಾಡಿನ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಅವನ ಹೆಸರು ಬರೆದೆ. ಫೋನು ಹಳೆಯದು. ಅದಕ್ಕೆ ಹಾಡು ಸಾಗಿಸುವಾಗ ನನಗಿದ್ದ ಭಯ ಒಂದೇ, ಅಕ್ಷರಗಳ ಬದಲು ಚೌಕ ಡಬ್ಬಿಗಳು ಬಂದರೆ ಏನು ಮಾಡುವುದು? ಹಾಡು ಹಚ್ಚಿದೆ. ಪರದೆಯ ಮೇಲೆ ಹೆಸರು ಸರಿಯಾಗಿ ಮೂಡಿತು, ಅವನೇ ಫೋನ್ ಮಾಡಿದಾಗ ಮೂಡುತ್ತಿದ್ದ ಹಾಗೆ. ಅವರು ಫೋನನ್ನು ಕಿವಿಗೆ ಹಿಡಿದುಕೊಂಡರು. ಸ್ಪೀಕರಿನಲ್ಲಿ ಬರುತ್ತದೆ, ಕಿವಿಗೆ ಹಿಡಿಯುವುದು ಬೇಕಿಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಊರಿಗೆ ಹೋಗಿ ಕಾಕಾನಿಗೆ ಎಲ್ಲ ಹೇಳಿದೆ. ನನ್ನ ಲೈಬ್ರರಿಯಲ್ಲಿ ಆ ಮನೆಯ ಮುಂದೆ ಬರೆದ 'ಬ್ಯಾಡ' ಈಗ ಅಳಿಸಲೇ ಎಂದು ಕೇಳಿದೆ. ಕಾಕಾ ಗಿರಾಕಿಗೆ ಸಕ್ಕರೆ ತೂಗುತ್ತಿದ್ದ. ಪೊಟ್ಟಣ ಕಟ್ಟಿ ಕೊಟ್ಟು, ದುಡ್ಡು ಎಣಿಸಿ ಹಾಕಿಕೊಂಡು, "ಅಳಸಬ್ಯಾಡ. ಅಕಿ ಕೇಳಿದ್ದು ತನ್ನ ಕಿವಿಗೆ, ಪೆಂಡಾಲಿಗಲ್ಲ" ಅಂದ. "ಮುಂದಿನ ಸಲ ಹೋದಾಗ ಮತ್ತ ಕೇಳು."

ಇನ್ನೂ 2,600 ಹಾಡುಗಳಿಗೆ ಟ್ಯಾಗ್ ಹಾಕುವುದಿದೆ. ಮೂರನೇ ಅಧ್ಯಾಯ ಮತ್ತೆ ಶುರುವಾಗಿದೆ. ಬರುವ ಶುಕ್ರವಾರ ಬ್ಯಾಡಗಿ ಕಡೆ ಒಂದು ಅರಿಷಿಣ. ಹುಡುಗನ ಅಪ್ಪ ಫೋನಿನಲ್ಲಿ ನನ್ನ ಪ್ರಶ್ನೆ ಕೇಳಿ, "ಅಂಥಾದ್ದೇನಿಲ್ಲ ಬಿಡ್ರಿ" ಎಂದು ಫೋನಿಟ್ಟರು. ಹತ್ತು ನಿಮಿಷದ ಮೇಲೆ ಅವರೇ ಮತ್ತೆ ಹಚ್ಚಿ, "ಒಂದ ಐತಿ, ಬರಕೊಳ್ರಿ" ಅಂದರು.